ಕೊಯಾಲಿಯಲ್ಲಿ ನಮ್ಮ ಊಟ

ವಡೋದರಾ ನಗರದ ಅಂಚಿನಲ್ಲಿರುವ ಕೊಯಾಲಿಗೆ ಹೋಗುವವರಿಗೆ ದೂರದಿಂದಲೇ ಕಾಣುವುದು ಎಣ್ಣೆ ಶುದ್ಧೀಕರಣ ಕಾರಖಾನೆಯ ಚಿಮಣಿಗಳು. 1963ರಲ್ಲಿ ನೆಹರೂ ಅವರು ಅಡಿಗಲ್ಲಿಟ್ಟು, ಸೋವಿಯತ್ ದೇಶದ ನೆರವಿನಿಂದ 1965ರಲ್ಲಿ ಕೆಲಸಕ್ಕೆ ತೊಡಗಿದ ಕಾರಖಾನೆಯಿದು. ಇದರ ಮತ್ತು ಸುತ್ತಲಿನ ಕಾರಖಾನೆಗಳ ದೆಸೆಯಿಂದ ನಾನಾ ನಾಡಿನವರು ಈ ಭಾಗದಲ್ಲಿ ನೆಲೆಸಿದರು. ಕನ್ನಡಿಗರೂ ಅವರಲ್ಲಿ ಸೇರಿದ್ದಾರೆ.

ಪರಊರಿಗೆ ಬಂದವರು ಮೊದಲು ಕಲಿಯುವುದು ಅಂಗಡಿಯ ಮಾತು. ಮೊದಲು ನಾಲಗೆಗೆ ಹತ್ತುವುದೂ ಅಂಗಡಿಯ ರುಚಿಯೇ. ಬೆಳಿಗ್ಗೆ ಫಾಫ್ಡಾ-ಜಿಲೇಬಿ, ಸಂಜೆ ಗಾಂಠಿಯಾ, ನೆಂಟರು ಬಂದರೆ ಸೇವ್ ಉಸಳ್. ಊರಿಂದ ತಂದ ಹಪ್ಪಳ, ಉಪ್ಪಿನಕಾಯಿಗಳನ್ನಂತೂ ಬಿಡಲೊಲ್ಲೆವು. ಎರಡು ನಾಡಿನ ಉಪ್ಪು, ಎರಡು ನಾಡಿನ ಎಣ್ಣೆ ಒಂದೇ ತಟ್ಟೆಗೆ ಬಿದ್ದಂತಾಯಿತು!

ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಾಂಠಿಯಾದ ಹಿಟ್ಟಿಗೆ ಉಪ್ಪಿನೊಡನೆ ಸೋಡಾವನ್ನೂ ಬೆರೆಸುತ್ತಾರೆ. ಉಪ್ಪಿನಲ್ಲಿರುವ ಸೋಡಿಯಂ ಅದರಲ್ಲಿಯೂ ಉಂಟು. ಇದು ವರ್ಷಗಟ್ಟಲೆ ಮಿತಿಮೀರಿದರೆ ರಕ್ತದೊತ್ತಡ ಏರಿ, ಸದ್ದಿಲ್ಲದೆ ಹೃದಯವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಸಕ್ಕರೆ ಕಾಯಿಲೆಯೂ ಹಾಗೆಯೇ ಮೆಲ್ಲನೆ ಬರುವ ಅತಿಥಿ. ಭಾರತದಲ್ಲಿ 10 ಕೋಟಿಗೂ ಮಿಕ್ಕಿದ ಜನರಿಗೆ ಅದಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ತಿಳಿಸಿತು.

ಹಾಗೆಂದು ಗುಜರಾತದ ಅಡಿಗೆಯನ್ನು ದೂರಬೇಕೆ? ಖಂಡಿತ ಬೇಡ. ಅಂಗಡಿಯನ್ನು ದಾಟಿ ಇಲ್ಲಿಯ ಮನೆಯ ಒಲೆಯ ಕಡೆ ನೋಡಿರಿ: ಸಜ್ಜೆಯ ರೋಟ್ಲೊ, ಮೆಂತ್ಯದ ಸೊಪ್ಪು, ಖಿಚಡಿ, ಮಜ್ಜಿಗೆ. ವಿಜಯಪುರದ ಜೋಳದ ರೊಟ್ಟಿ, ಮಂಡ್ಯದ ರಾಗಿಮುದ್ದೆ-ಬಸ್ಸಾರು ಇವುಗಳಿಗೆ ದೂರದ ನೆಂಟರೇನಲ್ಲ. ಕಢಿಯಂತೂ ನಮ್ಮ ಮಜ್ಜಿಗೆಹುಳಿಯ ತಂಗಿ. ಚಳಿಗಾಲದಲ್ಲಿ ಸೂರತ್ತಿನವರು ಸವಿಯುವ ಎಳೆಜೋಳದ ಪೋಂಕ್ ಉತ್ತರ ಕರ್ನಾಟಕದವರಿಗೆ ಸೀತನಿಯೆಂದೇ ಪರಿಚಿತ. ಇಡೀ ಧಾನ್ಯ, ಬೇಳೆ, ಸೊಪ್ಪುಗಳಲ್ಲಿ ನಾರಿನಂಶ ಹೆಚ್ಚು. ಅದರಿಂದ ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ.

ಆದುದರಿಂದ ಆರಿಸಬೇಕಾದದ್ದು ಎರಡು ನಾಡುಗಳ ನಡುವೆಯಲ್ಲ, ದಿನದ ಊಟ ಮತ್ತು ಹಬ್ಬದ ತಿಂಡಿಗಳ ನಡುವೆ. ಕರಿದದ್ದು, ಸಿಹಿಯಾದದ್ದು ಎಂದೋ ಒಮ್ಮೆ ಬಂದರೆ ಸೊಗಸು; ದಿನವೂ ಬಂದರೆ ಸಾಲ. ಶಾಲೆಯಿಂದ ಬಂದ ಮಗುವಿನ ಕೈಗೆ ಎಟುಕುವ ಡಬ್ಬಿಯಲ್ಲಿ ಹುರಿಗಡಲೆಯಿರಲಿ, ಪಾಳಿ ಮುಗಿಸಿ ಬಂದವರಿಗೆ ಒಂದು ಲೋಟ ನೀರುಮಜ್ಜಿಗೆ ಸಿಗಲಿ, ವಾರದಲ್ಲಿ ಕೆಲವು ದಿನವಾದರೂ ರೊಟ್ಟಿ ಬಡಿಯುವ ಸದ್ದು ಕೇಳಲಿ. ಮಕ್ಕಳು ಕನ್ನಡ ಮಾತನ್ನು ಮನೆಯಲ್ಲಿ ಕಲಿಯುವಂತೆ, ನಾಲಗೆಯ ರುಚಿಯನ್ನೂ ಅಲ್ಲಿಯೇ ಕಲಿಯುತ್ತಾರೆ.