ಕತ್ತಲೆಯಲ್ಲಿ ಮೂಡಿದ ಬಿಂಬ

ನೋಡುವುದು ಬೇರೆ, ಕಾಣುವುದು ಬೇರೆ. ಕಣ್ಣು ತೆರೆದಿರುವವರೆಲ್ಲರೂ ನೋಡುತ್ತಾರೆ, ಕಾಣುವವರು ವಿರಳ. ಇಷ್ಟಲಿಂಗವನ್ನು ವಾಮಕರತಲದಲ್ಲಿರಿಸಿಕೊಂಡು ದೃಷ್ಟಿಯನ್ನು ಅಲ್ಲಿಯೇ ನೆಲೆಗೊಳಿಸುವ ಸಾಧಕನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಚಂಚಲವಾದ ದೃಷ್ಟಿಯನ್ನು ಒಂದೆಡೆ ನಿಲ್ಲಿಸುವುದೇ ಆತನ ಮೊದಲ ಪಾಠ. ಇಂಥ ಪಾಠವನ್ನು ಲೌಕಿಕವಾದ ಕಲೆಯೊಂದೂ ಕಲಿಸಬಲ್ಲದೆಂಬುದು ಐವತ್ತು ದಾಟಿದ ಮೇಲೆ ನಮಗೆ ಅನುಭವವೇದ್ಯವಾಯಿತು. ಅದು ಕಪ್ಪು-ಬಿಳುಪು ಫಿಲ್ಮಿನ ಛಾಯಾಗ್ರಹಣ. ಮಠದ ಮಾಸಪತ್ರಿಕೆಯಲ್ಲಿ ಕ್ಯಾಮೆರಾದ ಮಾತೇಕೆಂದು ಓದುಗ ಬಂಧುಗಳಲ್ಲಿ ಕೆಲವರು ಹುಬ್ಬೇರಿಸಬಹುದು. ಕೊನೆಯವರೆಗೆ ಓದಿದ ಬಳಿಕ ಅವರು ನಿರ್ಣಯಿಸಲಿ ಎಂಬುದಷ್ಟೇ ನಮ್ಮ ಕೋರಿಕೆ.

ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1990ರ ದಶಕದ ಆರಂಭದಲ್ಲಿ, ಈ ಕಲೆಯ ಪರಿಚಯ ನಮಗೆ ಅಷ್ಟಿಷ್ಟು ಆಗಿತ್ತು. ಸಹಪಾಠಿಯೊಬ್ಬರ ಕ್ಯಾಮೆರಾ, ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು, ವಿದ್ಯಾರ್ಥಿನಿಲಯದ ಬಚ್ಚಲಮನೆಯ ಕಿಟಕಿಗೆ ಕಂಬಳಿ ಹೊದಿಸಿ ಮಾಡಿಕೊಂಡ ಕತ್ತಲೆಕೋಣೆ, ಇಷ್ಟೇ ನಮ್ಮ ಸಾಧನ ಸಂಪತ್ತು. 1960ರಲ್ಲಿ ಸ್ಥಾಪಿತವಾದ ಆ ಸರ್ಕಾರಿ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಕಾಲಕ್ರಮೇಣ ಬಣ್ಣದ ಫಿಲ್ಮು ಬಂದು ಕಪ್ಪು-ಬಿಳುಪನ್ನು ಮೂಲೆಗೆ ತಳ್ಳಿತು. ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮನ್ನೇ ಮೂಲೆಗೆ ತಳ್ಳಿತು. ಮೊಬೈಲು ಬಂದು ಕ್ಯಾಮೆರಾವನ್ನೂ ಮರೆಸಿತು. ಅಷ್ಟರಲ್ಲಿ ಮಠದ ಹೊಣೆ ನಮ್ಮ ಹೆಗಲಿಗೇರಿತ್ತು. ಆ ವಿದ್ಯೆ ನಮ್ಮಲ್ಲಿ ಸುಪ್ತವಾಗಿ ಉಳಿಯಿತು.

ಅದನ್ನು ಮತ್ತೆ ಎಬ್ಬಿಸಿದ್ದು ಒಂದು ತಗಡಿನ ಪೆಟ್ಟಿಗೆ. ಮಠದ ಹಳೆಯ ಕಡತಗಳನ್ನು ಒಪ್ಪಗೊಳಿಸುತ್ತಿದ್ದಾಗ ಕಪಾಟಿನ ತಳದಲ್ಲಿ ಅದು ಸಿಕ್ಕಿತು. ಒಳಗೆ ಕಾಗದದ ಲಕೋಟೆಗಳು. ಅವುಗಳಲ್ಲಿ ನಮ್ಮ ಹಿರಿಯ ಗುರುಗಳ ಕಾಲದ ನೆಗೆಟಿವ್‌ಗಳು. ಮುಚ್ಚಳ ತೆಗೆದಾಗ ಹುಳಿಯ ವಾಸನೆ ಮೂಗಿಗೆ ಬಡಿಯಿತು. ಹಳೆಯ ಫಿಲ್ಮಿನ ಅಸಿಟೇಟ್ ಪಟ್ಟಿ ತೇವ ಮತ್ತು ಸೆಕೆಗಳಿಂದ ಕ್ಷಯಿಸತೊಡಗಿದಾಗ ಅದರಿಂದ ಅಸಿಟಿಕ್ ಆಮ್ಲ ಹೊರಬೀಳುತ್ತದೆ. ಆ ವಾಸನೆ ಬಂದಿತೆಂದರೆ ಅವನತಿ ಪ್ರಾರಂಭವಾಯಿತೆಂದೇ ಅರ್ಥ. ಇನ್ನು ತಡಮಾಡಲಾಗದೆಂದು ತಿಳಿದು, ಪಟ್ಟಣದಲ್ಲಿ ಅಂಗಡಿ ಮುಚ್ಚಿದ್ದ ಛಾಯಾಗ್ರಾಹಕರೊಬ್ಬರಿಂದ ಎನ್‌ಲಾರ್ಜರ್ ಯಂತ್ರವನ್ನೂ ಟ್ರೇಗಳನ್ನೂ ತರಿಸಿದೆವು. ಕೈ ಪಳಗುವ ಮೊದಲು ಹಳೆಯ ನೆಗೆಟಿವ್‌ಗಳನ್ನು ಮುಟ್ಟುವುದು ಉಚಿತವಲ್ಲವೆಂದು ಹೊಸ ಫಿಲ್ಮು ತರಿಸಿ, ಮೊದಲಿನಿಂದ ಅಭ್ಯಾಸಕ್ಕೆ ತೊಡಗಿದೆವು.

ಈ ವಿದ್ಯೆಯ ಒಳಗುಟ್ಟನ್ನು ಕಿರಿಯ ಓದುಗರಿಗಾಗಿ ಸಂಗ್ರಹವಾಗಿ ಹೇಳಬೇಕು. ಫಿಲ್ಮಿನ ಮೇಲೆ ಜೆಲಟಿನ್ ಲೇಪವಿದೆ. ಅದರಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿವೆ. ಕ್ಯಾಮೆರಾದ ಕಿಂಡಿ ಕ್ಷಣಮಾತ್ರ ತೆರೆದು ಮುಚ್ಚಿದಾಗ ಬೆಳಕು ಆ ಹರಳುಗಳನ್ನು ಸೋಂಕುತ್ತದೆ. ಆದರೆ ಆಗ ಫಿಲ್ಮಿನ ಮೇಲೆ ಯಾವ ಚಿತ್ರವೂ ಕಣ್ಣಿಗೆ ತೋರದು. ಬಿಂಬ ಅಲ್ಲಿದೆ, ಆದರೂ ಅಗೋಚರ. ಆಂಗ್ಲ ವಿಜ್ಞಾನಿ ಟಾಲ್ಬಟ್ 1840ರಲ್ಲಿ ಕಂಡುಕೊಂಡದ್ದು ಈ ಸುಪ್ತಬಿಂಬದ ರಹಸ್ಯವನ್ನೇ. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಬೆಳಕು ಸೋಂಕಿದ ಹರಳುಗಳು ಮಾತ್ರ ಕಪ್ಪು ಬೆಳ್ಳಿಯಾಗುತ್ತವೆ. ಸೋಂಕದೆ ಉಳಿದವನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಬೆಳ್ಳಿಯ ಲವಣಗಳನ್ನು ಕರಗಿಸುವ ಹೈಪೋವಿನ ಗುಣವನ್ನು ಹರ್ಷೆಲ್ 1819ರಷ್ಟು ಹಿಂದೆಯೇ ಅರಿತಿದ್ದನು. ನಾವು ಬಳಸುವ ಡಿ-76 ಎಂಬ ಡೆವಲಪರ್ ಸಹ 1927ರಲ್ಲಿ ಕೊಡಾಕ್ ಕಂಪನಿ ರೂಪಿಸಿದ್ದು. ಅದಕ್ಕೆ ಸಾಮಾನ್ಯವಾಗಿ ಹೇಳಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ನಮ್ಮ ಬಯಲುಸೀಮೆಯ ಚೈತ್ರ-ವೈಶಾಖಗಳಲ್ಲಿ ನಲ್ಲಿಯ ನೀರೇ ಅದಕ್ಕಿಂತ ಬಿಸಿ. ಆದಕಾರಣ ರಾತ್ರಿಯಿಡೀ ಮಡಕೆಯಲ್ಲಿಟ್ಟ ನೀರಿಗೆ ಮಂಜುಗಡ್ಡೆ ಸೇರಿಸಿ, ಪಾದರಸದ ಮಾಪಕ ನೋಡುತ್ತ ಕಾಯಬೇಕಾಗುತ್ತದೆ.

ಕಾಯುವುದು ಈ ಕಲೆಯ ಅರ್ಧ ಭಾಗ. ಒಂದು ರೋಲಿನಲ್ಲಿ 36 ಚಿತ್ರಗಳಿಗಷ್ಟೇ ಅವಕಾಶ. ಪೆಟ್ಟಿಗೆಯಲ್ಲಿ ಸಿಕ್ಕಂಥ ಹಳೆಯ ಅಗಲ ಫಿಲ್ಮಿನಲ್ಲಾದರೆ ಅನೇಕ ಕ್ಯಾಮೆರಾಗಳಿಗೆ 12 ಮಾತ್ರ. ಮೊಬೈಲಿನಲ್ಲಿ ಒಂದು ಮದುವೆಯಲ್ಲಿ ಸಾವಿರ ಚಿತ್ರ ತೆಗೆಯುವವರಿದ್ದಾರೆ. ಅವುಗಳಲ್ಲಿ ಎರಡನೆಯ ಸಲ ನೋಡಿದವೆಷ್ಟು? ನಾವು ಹೊಸ ಸಾಧನವನ್ನು ಹಳಿಯುವವರಲ್ಲ. ದೂರದೇಶದಲ್ಲಿರುವ ಭಕ್ತರು ಮಠದ ಉತ್ಸವವನ್ನು ಕುಳಿತಲ್ಲಿಯೇ ನೋಡುವಂತಾದುದು ಅದರ ಉಪಕಾರವೇ ಸರಿ. ಆದರೆ ಎಣಿಕೆ ಮಿತವಾದಾಗ ಮನಸ್ಸು ಎಚ್ಚರಗೊಳ್ಳುತ್ತದೆ. ಗುಂಡಿ ಒತ್ತುವ ಮುನ್ನ ‘ಇದು ಬೇಕೆ?’ ಎಂದು ಕೇಳಿಕೊಳ್ಳುವಂತಾಗುತ್ತದೆ. ಬೆಳಕು ಎತ್ತಣಿಂದ ಬರುತ್ತಿದೆ, ನೆರಳು ಎಲ್ಲಿ ಬಿದ್ದಿದೆ, ಅಂಚಿನಲ್ಲಿ ಯಾರಿದ್ದಾರೆ ಎಂಬುದನ್ನು ಕಣ್ಣು ತಾನಾಗಿ ಹುಡುಕುತ್ತದೆ.

ಮತ್ತೊಂದು ಸಂಗತಿ. ಕಪ್ಪು-ಬಿಳುಪಿನಲ್ಲಿ ಬಣ್ಣದ ಅಭಿಮಾನ ಇಳಿದುಹೋಗುತ್ತದೆ. ನಾವು ಹೊದ್ದ ಕಾವಿ ಅಲ್ಲಿ ಬರಿಯ ಬೂದು; ಹೊಲದಿಂದ ಬಂದ ತಾಯಿಯೊಬ್ಬಳ ಹಸಿರು ಸೀರೆಯೂ ಬೂದು. ಎರಡನ್ನೂ ಒಟ್ಟಿಗೆ ಇರಿಸಿದರೆ ಯಾವುದು ಯಾವುದೆಂದು ಗುರುತಿಸಲಾಗದ ಸಂದರ್ಭಗಳುಂಟು. ಹಣೆಯ ವಿಭೂತಿ ಮಾತ್ರ ಬೆಳ್ಳಗೆ ಬೆಳಗುತ್ತದೆ. ವೇಷ ಹಿಂದೆ ಸರಿದು ಮುಖ ಮುಂದೆ ಬರುತ್ತದೆ. ಕುಲ, ವೃತ್ತಿಗಳ ಮೇಲುಕೀಳನ್ನು ಕಳೆಯಹೊರಟ ಶರಣರ ಪರಂಪರೆಯಲ್ಲಿ ಬಂದವರಿಗೆ ಇದು ಸಣ್ಣ ಸಂಗತಿಯಾಗಿ ಕಾಣದು.

ಹೀಗೆ ವರ್ಷಕಾಲ ಅಭ್ಯಾಸ ಮಾಡಿದ ಬಳಿಕ ತಗಡಿನ ಪೆಟ್ಟಿಗೆಯತ್ತ ಕೈಚಾಚಿದೆವು. ಪೆನ್ಸಿಲಿನಲ್ಲಿ ‘ಶ್ರಾವಣ’ ಎಂದಷ್ಟೇ ಬರೆದಿದ್ದ ಲಕೋಟೆಯಲ್ಲಿ ಒಂದು ಪರಿಚಿತ ಚಿತ್ರದ ಮೂಲವಿತ್ತು. ಹಿರಿಯ ಗುರುಗಳು ದಾಸೋಹದ ಪಡಸಾಲೆಯಲ್ಲಿ ಕುಳಿತಿರುವ ಆ ಭಾವಚಿತ್ರ ನಮ್ಮ ಸಭಾಂಗಣದ ಗೋಡೆಯ ಮೇಲೆ ಬಹುಕಾಲದಿಂದ ಇದೆ. ನಮ್ಮ ಭಕ್ತರ ಮನೆಗಳಲ್ಲಿಯೂ ಅದರ ಪ್ರತಿಗಳಿವೆ. ಆದರೆ ನೆಗೆಟಿವ್‌ನಲ್ಲಿ ಗುರುಗಳು ಒಬ್ಬರೇ ಇರಲಿಲ್ಲ. ಎಡಭಾಗದಲ್ಲಿ ಅಡುಗೆಮನೆಯ ಬಾಗಿಲಿತ್ತು. ಅದರಾಚೆ ಯಾರೋ ಇದ್ದಂತೆ ತೋರಿತು. ಅಂದಿನ ರೂಢಿಯಂತೆ ಆ ಭಾಗವನ್ನು ಬಿಟ್ಟು ಗುರುಗಳನ್ನಷ್ಟೇ ದೊಡ್ಡದಾಗಿ ಮುದ್ರಿಸಿದ್ದರು.

ಕೆಂಪು ದೀಪದ ಬೆಳಕಿನಲ್ಲಿ ಪೂರ್ಣ ಚಿತ್ರವನ್ನು ಮುದ್ರಿಸಿ ನೋಡಿದೆವು. ಮುದ್ರಣದ ಕಾಗದಕ್ಕೆ ಕೆಂಪು ಬೆಳಕು ಬಾಧಕವಲ್ಲ. ಗುರುಗಳ ಮುಖ ಸ್ಪಷ್ಟವಾಗಿ ಮೂಡಿತು. ಬಾಗಿಲಾಚೆ ಮಾತ್ರ ಗಾಢ ಕಪ್ಪು. ನೆರಳಿನ ಜಾಗ ನೆಗೆಟಿವ್‌ನಲ್ಲಿ ತೆಳುವಾಗಿರುವುದರಿಂದ ಅಲ್ಲಿ ಬೆಳಕು ಹೆಚ್ಚಾಗಿ ಹಾಯ್ದು ಕಾಗದ ಕಪ್ಪಾಗುತ್ತದೆ. ಅದಕ್ಕೆ ಉಪಾಯವೆಂದರೆ ಆ ಜಾಗಕ್ಕೆ ಬೀಳುವ ಬೆಳಕನ್ನು ಕೆಲವು ಸೆಕೆಂಡು ಅಂಗೈಯಿಂದ ಮರೆಮಾಡುವುದು. ಅಂಚಿನ ಗೆರೆ ಮೂಡದಂತೆ ಕೈಯನ್ನು ಮೆಲ್ಲನೆ ಆಡಿಸುತ್ತಿರಬೇಕು. ಐದಾರು ಹಾಳೆಗಳಾದ ಮೇಲೆ ಕತ್ತಲೆ ತಿಳಿಯಾಯಿತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳೊಬ್ಬಳು ಕ್ಷಣಕಾಲ ತಲೆಯೆತ್ತಿ ಇತ್ತ ನೋಡಿದ್ದಳು. ಅವಳ ಪಕ್ಕದಲ್ಲಿ ಇನ್ನಿಬ್ಬರು. ನೀರಿನ ಕೊಡ ಹೊತ್ತ ಒಬ್ಬ ಹುಡುಗ.

ಯಾರಿವರು? ಮಠದ ದಾಖಲೆಗಳಲ್ಲಿ ಭೂದಾನಿಗಳ ಹೆಸರುಗಳಿವೆ, ಕಟ್ಟಡ ಕಟ್ಟಿಸಿದವರ ಹೆಸರುಗಳಿವೆ. ರೊಟ್ಟಿ ಬಡಿದವರ ಹೆಸರಿಲ್ಲ. ಊರಿನ ವಯೋವೃದ್ಧರಿಗೆ ಚಿತ್ರವನ್ನು ತೋರಿಸಿದೆವು. ಎಂಬತ್ತು ದಾಟಿದ ತಾಯಿಯೊಬ್ಬರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, “ಇಕಿ ನಮ್ಮವ್ವ ರೀ, ಅಪ್ಪಾರ” ಎಂದರು. ಅವರ ಮನೆಯಲ್ಲಿ ತಾಯಿಯ ಒಂದು ಚಿತ್ರವೂ ಇರಲಿಲ್ಲ. ಮಕ್ಕಳು ಮೊಮ್ಮಕ್ಕಳು ಆ ಮುಖವನ್ನು ಕಂಡಿರಲಿಲ್ಲ.

ಅವರಿಗೊಂದು ಪ್ರತಿ ಮುದ್ರಿಸಿಕೊಟ್ಟೆವು. ಇನ್ನೊಂದನ್ನು ಸಭಾಂಗಣದ ಹಳೆಯ ಚಿತ್ರದ ಜಾಗದಲ್ಲಿ ತೂಗಹಾಕಬೇಕೆಂದಾಗ ಕೆಲವು ಹಿರಿಯ ಭಕ್ತರು ಸಂಕೋಚಪಟ್ಟರು. “ಗುರುಗಳು ಒಬ್ಬರೇ ಇದ್ದರೆ ಶೋಭೆ, ಇದರಲ್ಲಿ ಸಣ್ಣದಾಗಿ ಕಾಣುತ್ತಾರೆ” ಎಂಬುದು ಅವರ ಅಳಲು. ಅವರ ಭಕ್ತಿಯನ್ನು ನಾವು ಅಲ್ಲಗಳೆಯಲಾರೆವು. ಆದರೆ ದಾಸೋಹವೆಂಬುದು ಒಬ್ಬರಿಂದ ನಡೆಯುವ ಕಾರ್ಯವಲ್ಲ. ಗುರುವಿನ ಸಂಕಲ್ಪ ಒಂದು ಕಡೆ, ಒಲೆಯ ಮುಂದಿನ ಕಾಯಕ ಇನ್ನೊಂದು ಕಡೆ; ಇವೆರಡೂ ಕೂಡಿದಾಗಲೇ ಹಸಿದವನ ಎಡೆಗೆ ಅನ್ನ ಬೀಳುತ್ತದೆ. ಕಾಯಕಕ್ಕೆ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ನುಡಿದು, ಗೋಡೆಯ ಮೇಲೆ ಕಾಯಕ ಜೀವಿಯನ್ನು ಬಿಟ್ಟುಕೊಡುವುದು ತರವೆ? ಈ ಮಾತನ್ನು ಅವರ ಮುಂದಿಟ್ಟೆವು. ಕೆಲವರು ಒಪ್ಪಿದರು, ಕೆಲವರು ಮೌನವಾದರು. ಕಡೆಗೆ ಹಳೆಯ ಚಿತ್ರ ಇದ್ದಲ್ಲಿಯೇ ಉಳಿದು, ಪೂರ್ಣ ಚಿತ್ರ ದಾಸೋಹದ ಬಾಗಿಲ ಮೇಲೆ ಏರಿತು. ಉಣ್ಣಲು ಬರುವವರೆಲ್ಲರೂ ಈಗ ಅವಳ ಮುಖ ನೋಡಿಯೇ ಒಳಗೆ ಹೋಗುತ್ತಾರೆ.

ಓದುಗ ಬಂಧುಗಳೇ, ನಿಮ್ಮ ಮನೆಯ ಅಟ್ಟದ ಮೇಲೆಯೂ, ಹಿರಿಯರ ಟ್ರಂಕಿನಲ್ಲಿಯೂ ಇಂಥ ನೆಗೆಟಿವ್‌ಗಳಿರಬಹುದು. ಕೆಲಸಕ್ಕೆ ಬಾರದ ಕಪ್ಪು ಪಟ್ಟಿಗಳೆಂದು ಕಸಕ್ಕೆ ಎಸೆಯಬೇಡಿ. ಅಂಚನ್ನಷ್ಟೇ ಹಿಡಿದು ತೆಗೆಯಿರಿ. ಬೆರಳಿನ ಎಣ್ಣೆಯ ಪಸೆ ಅವಕ್ಕೆ ಹಾನಿಕರ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯದೆ ಶುಭ್ರವಾದ ಕಾಗದದ ಲಕೋಟೆಯಲ್ಲಿರಿಸಿ, ತಂಪಾದ, ತೇವವಿಲ್ಲದ ಜಾಗದಲ್ಲಿ ಕಾಪಾಡಿರಿ. ಹುಳಿಯ ವಾಸನೆ ಬಂದವನ್ನು ಬೇರೆಯಾಗಿಟ್ಟು, ಮೊದಲು ಅವುಗಳ ಪ್ರತಿ ಮಾಡಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಮುಖಗಳನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರ ಬಳಿ ಕುಳಿತು ಹೆಸರುಗಳನ್ನು ಕೇಳಿ ಲಕೋಟೆಯ ಮೇಲೆ ಬರೆದಿಡಿರಿ. ಬೆಳ್ಳಿ ಬಿಂಬವನ್ನು ನೂರು ವರ್ಷ ಹಿಡಿದಿಟ್ಟೀತು. ಹೆಸರನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ನಮ್ಮ ನಿಮ್ಮದು.