ಬೋರ್ಡು ಸತ್ತರೂ ವಿಂಡೋಸ್ ಉಳಿಯಬೇಕು

2003–04ರ ಸುಮಾರಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ರಿಪೇರಿಗೆ ಬರುತ್ತಿದ್ದ ಕಂಪ್ಯೂಟರುಗಳನ್ನು ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಉಬ್ಬಿದ ಕೆಪಾಸಿಟರುಗಳು. ಪ್ರೊಸೆಸರಿನ ಸುತ್ತ ನಿಂತ ಆ ಪುಟ್ಟ ಡಬ್ಬಿಗಳ ತಲೆ ಊದಿಕೊಂಡು, ಕಂದು ರಸ ಒಸರಿ ಒಣಗಿರುತ್ತಿತ್ತು. ಒಳಗಿನ ದ್ರಾವಣವೇ ಕಳಪೆಯಾಗಿದ್ದ ಕೆಪಾಸಿಟರುಗಳು ಆ ವರ್ಷಗಳಲ್ಲಿ ಹಲವು ತಯಾರಕರ ಮದರ್‌ಬೋರ್ಡುಗಳಿಗೆ ಸೇರಿಬಿಟ್ಟಿದ್ದವು. ಬೋರ್ಡು ಹೋಗುತ್ತಿತ್ತು, ಹಾರ್ಡ್‌ಡಿಸ್ಕಿಗೆ ಏನೂ ಆಗಿರುತ್ತಿರಲಿಲ್ಲ. ಬೇರೆ ಬೋರ್ಡು ಕೂರಿಸಿ, ಅದೇ ಡಿಸ್ಕಿನಲ್ಲಿದ್ದ ವಿಂಡೋಸನ್ನು ಎಬ್ಬಿಸುವುದು ನಮ್ಮ ಕಸುಬು.

ಡಾಟಾ ಕಾಪಿ ಮಾಡಿಟ್ಟು ಫಾರ್ಮ್ಯಾಟ್ ಹೊಡೆದರಾಯಿತು ಎನ್ನುವವರು ಆಗಲೂ ಇದ್ದರು. ಗಿರಾಕಿಯ ಕಷ್ಟ ಬಲ್ಲವರು ಹಾಗೆ ಹೇಳುತ್ತಿರಲಿಲ್ಲ. ನಮ್ಮಲ್ಲಿಗೆ ಬರುತ್ತಿದ್ದವರು ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆಯ ಡಿಟಿಪಿಯವರು, ಲಗ್ನಪತ್ರಿಕೆ ಅಚ್ಚು ಹಾಕುವವರು, ಅಂಗಡಿ ಲೆಕ್ಕ ಬರೆಯುವವರು. ಪೇಜ್‌ಮೇಕರ್, ನುಡಿ, ಬರಹ, ಟ್ಯಾಲಿ, ವರ್ಷಗಟ್ಟಲೆ ಕೂಡಿಸಿಟ್ಟ ಫಾಂಟುಗಳು, ಎಲ್ಲವೂ ಆ ಒಂದು ವಿಂಡೋಸಿನೊಳಗೆ. ಸಿ.ಡಿ. ಎಲ್ಲಿದೆಯೋ ಗೊತ್ತಿಲ್ಲ, ಹಾಕಿಕೊಟ್ಟ ಹುಡುಗ ಊರು ಬಿಟ್ಟಿದ್ದಾನೆ. ಮೂರು ದಿನಕ್ಕೆ ಮದುವೆ ಇದ್ದವರ ಪತ್ರಿಕೆ ಅದರಲ್ಲೇ ಇದೆ. ಕೆಲವು ಲಿಪಿ ತಂತ್ರಾಂಶಗಳಿಗೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಬೇರೆ ಬೇಕಿತ್ತು. ಹೊಸ ಬೋರ್ಡಿನಲ್ಲಿ ಆ ಪೋರ್ಟ್ ಇದೆಯೇ ಎಂದು ನೋಡಿಯೇ ತರುತ್ತಿದ್ದೆವು.

ವಿಂಡೋಸ್ 98 ಹೇಳಿದ ಮಾತು ಕೇಳುತ್ತಿತ್ತು. ಸೇಫ್ ಮೋಡಿನಲ್ಲಿ ರಿಜಿಸ್ಟ್ರಿಯ ಎನಮ್ ಕೀ ಅಳಿಸಿದರೆ, ಮತ್ತೆ ಶುರುವಾದಾಗ ಎಲ್ಲ ಬಿಡಿಭಾಗಗಳನ್ನೂ ಹೊಸದಾಗಿ ಗುರುತಿಸಿಕೊಳ್ಳುತ್ತಿತ್ತು. ತೊಡಕು ಶುರುವಾದದ್ದು 2001ರಲ್ಲಿ ಬಂದ ಎಕ್ಸ್‌ಪಿಯಿಂದ. ಚಿಪ್‌ಸೆಟ್ ಬೇರೆಯಾದರೆ ನೀಲಿ ಪರದೆ, ಕೊನೆಯಲ್ಲಿ 7ಬಿ ಎಂಬ ದೋಷಸಂಖ್ಯೆ. ಡಿಸ್ಕನ್ನು ಓದಿಸುವ, ಹಳೆಯ ಚಿಪ್‌ಸೆಟ್ಟಿನ ಐಡಿಇ ಡ್ರೈವರನ್ನೇ ಹಿಡಿದು ಹೊರಟ ವಿಂಡೋಸಿಗೆ ತಾನು ಕೂತಿರುವ ಡಿಸ್ಕೇ ಕಾಣದು! ಹಳೆಯ ಬೋರ್ಡಿನಲ್ಲಿ ಇನ್ನೂ ಸ್ವಲ್ಪ ಜೀವವಿದ್ದರೆ, ಅದನ್ನು ಕಳಚುವ ಮುಂಚೆಯೇ ಡಿವೈಸ್ ಮ್ಯಾನೇಜರಿನಲ್ಲಿ ಆ ಡ್ರೈವರ್ ತೆಗೆದು, ಹೆಚ್ಚಿನ ಬೋರ್ಡುಗಳಿಗೆ ಹೊಂದುವ ಸ್ಟ್ಯಾಂಡರ್ಡ್ ಐಡಿಇ ಡ್ರೈವರ್ ಹಾಕಿ ಆಫ್ ಮಾಡುತ್ತಿದ್ದೆವು. ಬೋರ್ಡು ಪೂರ್ತಿ ಸತ್ತಿದ್ದರೆ ಉಳಿದ ದಾರಿ ರಿಪೇರಿ ಇನ್‌ಸ್ಟಾಲ್. ಎಕ್ಸ್‌ಪಿಯ ಸಿ.ಡಿ.ಯಿಂದ ಬೂಟ್ ಮಾಡಿದಾಗ ಮೊದಲ ಪರದೆಯಲ್ಲೇ ರಿಪೇರಿಗೆ ಆರ್ ಒತ್ತಿ ಎನ್ನುತ್ತದೆ. ಅಲ್ಲಿ ಒತ್ತಿದರೆ ತೆರೆಯುವುದು ಬರೀ ಕಮಾಂಡಿನ ಕಪ್ಪು ಪರದೆ. ಆ ಮೊದಲ ಪರದೆಯಲ್ಲಿ ಆರ್ ಬದಲು ಎಂಟರ್ ಒತ್ತಿ, ಒಪ್ಪಂದಕ್ಕೆ ಎಫ್8 ಕೊಟ್ಟು, ಹಳೆಯ ವಿಂಡೋಸ್ ಪಟ್ಟಿಯಲ್ಲಿ ಕಂಡ ಮೇಲೆ ಆರ್ ಒತ್ತಬೇಕು. ಫಾಂಟು, ಟ್ಯಾಲಿ ಎಲ್ಲ ಇದ್ದಲ್ಲೇ ಇರುತ್ತಿದ್ದವು. ಕೆಲಸ ಮುಗಿದು ಪತ್ರಿಕೆಯ ಫೈಲು ತೆರೆದುಕೊಂಡಾಗ ಗಿರಾಕಿಯ ಮುಖದಲ್ಲಿ ಕಾಣುತ್ತಿದ್ದ ನೆಮ್ಮದಿಗೆ ಕೂಲಿಗಿಂತ ಹೆಚ್ಚು ಬೆಲೆ ಎಂದು ನಾನು ಈಗಲೂ ನಂಬುತ್ತೇನೆ.

ವಿಂಡೋಸ್ 10 ಬಂದ ಮೇಲೆ ಈ ವಿದ್ಯೆಗೆ ಕೆಲಸವೇ ಇಲ್ಲವಾಯಿತು. ಬೋರ್ಡು ಬದಲಿಸಿ ಪವರ್ ಕೊಟ್ಟರೆ ಸಾಕು, ಸ್ವಲ್ಪ ಹೊತ್ತು ಸುತ್ತಿ ತಾನೇ ಹೊಂದಿಕೊಳ್ಳುತ್ತದೆ. ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರುವುದು ನಿಜ. 2016ರಿಂದ ಅದನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಬಹುದು, ಆದರೆ ಕಂಪ್ಯೂಟರಿನ ಜೊತೆಗೇ ಬಂದ ಓಇಎಂ ಲೈಸೆನ್ಸಿಗೆ ಬೇರೆ ಕಂಪ್ಯೂಟರಿಗೆ ಹೋಗುವ ಹಕ್ಕಿಲ್ಲ.

ನನಗೆ ಚಿಂತೆ ಲೈಸೆನ್ಸಿನದಲ್ಲ. ನಮ್ಮ ಕಾಲದಲ್ಲಿ ವಿಂಡೋಸ್ ಏಳದೆ ಹೋದರೂ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ಫೈಲು ಕೈಗೆ ಸಿಗುತ್ತಿತ್ತು. ಸತ್ತ ಬೋರ್ಡು ಗಿರಾಕಿಯ ದುಡಿಮೆಯನ್ನು ತನ್ನೊಂದಿಗೆ ಒಯ್ಯುತ್ತಿರಲಿಲ್ಲ. ಈಗ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಯಜಮಾನನಿಗೆ ತಿಳಿಯದೆಯೇ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ, ಅದನ್ನು ತೆರೆಯುವ ಟಿಪಿಎಂ ಎಂಬ ಭದ್ರತಾ ಭಾಗ ಇರುವುದು ಮದರ್‌ಬೋರ್ಡಿನಲ್ಲಿ. ಬೋರ್ಡು ಬದಲಾದೊಡನೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ. ಕಳ್ಳನ ಕೈಗೆ ಸಿಕ್ಕ ಲ್ಯಾಪ್‌ಟಾಪಿನ ಮಟ್ಟಿಗೆ ಈ ಬೀಗ ಒಳ್ಳೆಯದೇ. ಆದ್ದರಿಂದ ಬೀಗ ತೆಗೆಸಿ ಎಂದು ನಾನು ಹೇಳುವುದಿಲ್ಲ. ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿರುವಾಗಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀ ಇದೆಯೇ ನೋಡಿ, ಒಂದು ಕಾಗದದಲ್ಲಿ ಬರೆದು, ಕಂಪ್ಯೂಟರಿನಿಂದ ದೂರ ಬೀರುವಿನಲ್ಲಿಡಿ.