ಕಣ್ಣಿಗೆ ಕಾಣದ ಕಾಲುವೆ



ನೀರಿನ ಬೆಲೆ ಏನೆಂದು ನಮ್ಮ ಕರಾವಳಿಯವರನ್ನು ಕೇಳಿ ನೋಡಿ. ಉತ್ತರ ನೀವು ಕೇಳಿದ ತಿಂಗಳನ್ನು ಅವಲಂಬಿಸಿರುತ್ತದೆ. ಜುಲೈಯಲ್ಲಿ ಕೇಳಿದರೆ ಕೊಡೆ ಬಿಡಿಸುತ್ತಾ ನಗುತ್ತಾರೆ. ಏಪ್ರಿಲ್ ಕೊನೆಯಲ್ಲಿ ಕೇಳಿದರೆ ಬಾವಿಯೊಳಗೆ ಇಣುಕಿ ಮೌನವಾಗುತ್ತಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು ನಮ್ಮದು. ಆದರೂ ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಊರುಗಳು ನಮ್ಮಲ್ಲಿವೆ. ವರ್ಷವಿಡೀ ಸೇರಿ ಸುಮಾರು ಅರುವತ್ತು ಮಿಲಿಮೀಟರಿನಷ್ಟೇ ಮಳೆ ಬೀಳುವ ಒಂದು ಮರುಭೂಮಿಯ ನಗರ ಅನೇಕ ಶತಮಾನಗಳಿಂದ ಬಾಳಿ ಬದುಕಿದೆ ಎಂದರೆ ನಂಬುವಿರಾ? ನಮ್ಮಲ್ಲಿ ಮಳೆಗಾಲದ ಒಂದೇ ಇರುಳಿನಲ್ಲಿ ಅಷ್ಟು ಮಳೆ ಬೀಳುವುದುಂಟು!

ಇರಾನ್ ದೇಶದ ನಡುಭಾಗದಲ್ಲಿರುವ ಯಜ್ದ್ ಎಂಬ ಆ ನಗರವನ್ನೂ ಅದರ ಸುತ್ತಣ ಬೆಟ್ಟದ ಹಳ್ಳಿಗಳನ್ನೂ ನೋಡುವ ಅವಕಾಶ 2018ರ ಅಕ್ಟೋಬರಿನಲ್ಲಿ ನನಗೆ ಒದಗಿತು. ನಮ್ಮದು ಒಂಬತ್ತು ಮಂದಿಯ ಚಿಕ್ಕ ತಂಡ. ನಮ್ಮ ಮಾರ್ಗದರ್ಶಕ ಅದೇ ಊರಿನ ತರುಣ. ನಾನು ಗುರುವೆಂದು ತಿಳಿದ ಕ್ಷಣದಿಂದ ಆತ ನನ್ನನ್ನು 'ಪೆದರ್' ಎಂದೇ ಕರೆದ. ಪಾರಸಿ ಭಾಷೆಯಲ್ಲಿ ಅದಕ್ಕೆ 'ತಂದೆ' ಎಂದರ್ಥ.

ಯಜ್ದ್ ಮಣ್ಣಿನ ನಗರ. ಹಸಿ ಇಟ್ಟಿಗೆಯ ಗೋಡೆ, ಅದರ ಮೇಲೆ ಮಣ್ಣು ಮತ್ತು ಹುಲ್ಲು ಕಲಸಿದ ಗಿಲಾವು. ನೆಲ, ಗೋಡೆ, ಮಾಡು ಎಲ್ಲವೂ ಒಂದೇ ಬಣ್ಣ. ಬಿಸಿಲು ಒಳನುಗ್ಗದಂತೆ ಓಣಿಗಳನ್ನು ಕಿರಿದಾಗಿ ಕಟ್ಟಿ, ಅಲ್ಲಲ್ಲಿ ಕಮಾನು ಹಾಕಿ ಮುಚ್ಚಿದ್ದಾರೆ. ಮನೆಗಳ ಮೇಲೆ ಗೋಪುರಗಳಂತೆ ಎದ್ದು ನಿಂತಿರುವವು 'ಬಾದ್‌ಗೀರ್'ಗಳು, ಅಂದರೆ ಗಾಳಿ ಹಿಡಿಯುವ ಗೋಪುರಗಳು. ಎತ್ತರದಲ್ಲಿ ಬೀಸುವ ಗಾಳಿಯನ್ನು ಅವು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತವೆ. ಕೆಳಗೊಂದು ನೀರಿನ ಕೊಳವಿದ್ದರೆ ಗಾಳಿ ಅದರ ಮೇಲೆ ಹಾದು ಮತ್ತಷ್ಟು ತಂಪಾಗುತ್ತದೆ. ದೌಲತಾಬಾದ್ ಉದ್ಯಾನದ ಬಾದ್‌ಗೀರ್ 33 ಮೀಟರಿಗೂ ಎತ್ತರವಾಗಿದೆ. ಅದರ ಅಡಿಯಲ್ಲಿ ನಿಂತಾಗ, ವಿದ್ಯುತ್ತಿನ ಒಂದು ತಂತಿಯೂ ಇಲ್ಲದೆ ನನ್ನ ನಿಲುವಂಗಿಯ ತುದಿ ಹಾರಾಡಿತು. 2017ರಲ್ಲಿ ಯುನೆಸ್ಕೋ ಸಂಸ್ಥೆ ಈ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಊರಿಗೆ ನಮಗಿಂತ ಮೊದಲೇ ಬಂದುಹೋದವರಿದ್ದಾರೆ. 1272ರಲ್ಲಿ ಮಾರ್ಕೋ ಪೋಲೊ ಇಲ್ಲಿ ಹಾದುಹೋಗುತ್ತಾ ಇಲ್ಲಿನ ರೇಷ್ಮೆ ಬಟ್ಟೆಯನ್ನು ಹೊಗಳಿದ. ಸುಮಾರು ಅರ್ಧ ಶತಮಾನದ ಬಳಿಕ ಪೋರ್ದೆನೋನೆಯ ಒದೊರಿಕ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿ ಇದೇ ದಾರಿಯಾಗಿ ಸಾಗಿ, ಹೋರ್ಮುಜಿನಲ್ಲಿ ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಯ ಥಾಣೆಗೆ ಬಂದ. 1321ರಲ್ಲಿ ಅಲ್ಲಿ ಹುತಾತ್ಮರಾದ ನಾಲ್ವರು ಫ್ರಾನ್ಸಿಸ್ಕನ್ನರ ಅಸ್ಥಿಗಳನ್ನು ಚೀನಾದವರೆಗೆ ಹೊತ್ತೊಯ್ದವನು ಆತನೇ.

ಮಳೆಯಿಲ್ಲದ, ನದಿಯಿಲ್ಲದ ಈ ಊರಿಗೆ ನೀರು ಎಲ್ಲಿಂದ ಬರುತ್ತಿತ್ತು? ಉತ್ತರ ನಮ್ಮ ಕಾಲಡಿಯಲ್ಲಿತ್ತು. ನಗರದ ನೈರುತ್ಯಕ್ಕೆ ಶೀರ್‌ಕೂಹ್ ಎಂಬ ಪರ್ವತವಿದೆ. ಅದರ ಶಿಖರ 4,000 ಮೀಟರಿಗೂ ಮಿಕ್ಕಿದ್ದು; ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಕರಗಿದ ಹಿಮದ ನೀರು ಬೆಟ್ಟದ ಬುಡದ ಜಲ್ಲಿಮಣ್ಣಿನಲ್ಲಿ ಇಂಗುತ್ತದೆ. ಅಲ್ಲಿ ಆಳವಾದ ಒಂದು ಬಾವಿಯನ್ನು ತೋಡುತ್ತಾರೆ. ಅದಕ್ಕೆ 'ತಾಯಿಬಾವಿ' ಎಂದು ಹೆಸರು. ಅಲ್ಲಿಂದ ಊರಿನತ್ತ ಬಹಳ ಸಣ್ಣ ಇಳಿಜಾರಿನಲ್ಲಿ ಭೂಮಿಯೊಳಗೇ ಸುರಂಗ ಕೊರೆಯುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನೇ ಕೊಚ್ಚುತ್ತದೆ, ಕಡಿಮೆಯಾದರೆ ನಿಂತುಬಿಡುತ್ತದೆ. ಮಣ್ಣು ಮೇಲೆತ್ತಲು ಮತ್ತು ಒಳಗಿರುವವರಿಗೆ ಗಾಳಿಯಾಡಲು ದಾರಿಯುದ್ದಕ್ಕೂ ಸಾಲುಬಾವಿಗಳಿರುತ್ತವೆ. ಹೀಗೆ ಪಂಪಿಲ್ಲದೆ, ಬಿಸಿಲಿಗೆ ಆರಿಹೋಗದೆ, ನೀರು ತಾನಾಗಿಯೇ ಊರಿಗೆ ಹರಿದು ಬರುತ್ತದೆ. ಇದೇ 'ಕನಾತ್'. 2016ರಲ್ಲಿ ಇರಾನಿನ ಹನ್ನೊಂದು ಕನಾತ್‌ಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವುಗಳಲ್ಲಿ ಯಜ್ದ್‌ನ ಜಾರ್ಚ್ ಕನಾತ್ 70 ಕಿಲೋಮೀಟರಿಗೂ ಉದ್ದವಾಗಿದೆ. ಊರಿನ ದೊಡ್ಡ ಮಸೀದಿಯ ಅಂಗಳದಿಂದ ಮೆಟ್ಟಿಲಿಳಿದು ಅದರ ಹರಿವಿನ ಜಾಡಿಗೆ ಹೋಗಬಹುದು.

ಈ ಸುರಂಗಗಳನ್ನು ಕೊರೆಯುವವರಿಗೆ 'ಮುಕನ್ನಿ' ಎಂದು ಹೆಸರು. ಕುಕ್ಕರಗಾಲಿನಲ್ಲಿ ಕುಳಿತು, ಎಣ್ಣೆದೀಪದ ಬೆಳಕಿನಲ್ಲಿ, ಗುದ್ದಲಿಯಿಂದ ಅಂಗುಲ ಅಂಗುಲವಾಗಿ ಕೊರೆಯುವ ಕೆಲಸ. ಮಣ್ಣು ಕುಸಿದರೆ ಅದೇ ಗೋರಿ. ಆದುದರಿಂದಲೇ ಅವರು ಬಿಳಿಯ ಬಟ್ಟೆ ತೊಟ್ಟು ಕೆಳಗಿಳಿಯುತ್ತಿದ್ದರು. ಮರಣ ಬಂದರೆ ಅದೇ ಶವವಸ್ತ್ರವಾಗಲಿ ಎಂದು. ನಗರದ ಜಲ ವಸ್ತುಸಂಗ್ರಹಾಲಯದಲ್ಲಿ ಅಂಥದೊಂದು ಬಿಳಿಯ ಉಡುಪನ್ನು ಇಟ್ಟಿದ್ದಾರೆ. ಆ ಉಡುಪಿನ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಉದ್ದದ ಕನಾತ್ ಮುಗಿಯಲು ದಶಕಗಳೇ ಹಿಡಿಯುತ್ತಿದ್ದವು. ಮೊದಲ ಗುದ್ದಲಿ ಹಾಕಿದ ಅನೇಕರು ಅದರ ಒಂದು ಬೊಗಸೆ ನೀರನ್ನೂ ಕುಡಿಯಲಿಲ್ಲ.

ಬಂದ ನೀರನ್ನು ಹಂಚುವ ಕ್ರಮವೂ ಕೇಳತಕ್ಕದ್ದು. ದೊಡ್ಡ ಪಾತ್ರೆಯ ನೀರಿನಲ್ಲಿ ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ತೇಲಬಿಡುತ್ತಿದ್ದರು. ಬಟ್ಟಲು ತುಂಬಿ ಮುಳುಗಿದರೆ ಒಂದು ಪಾಲಿನ ಹೊತ್ತು ಮುಗಿಯಿತು. ಯಾರ ಹೊಲಕ್ಕೆ ಎಷ್ಟು ಬಟ್ಟಲಿನ ಹೊತ್ತು ಎಂಬುದು ನಿಗದಿಯಾಗಿರುತ್ತಿತ್ತು. ಇದನ್ನು ನೋಡಿಕೊಳ್ಳುತ್ತಿದ್ದವನು 'ಮೀರಾಬ್', ನೀರಿನ ಯಜಮಾನ. ಹಗಲಿರಲಿ ಇರುಳಿರಲಿ, ಆತ ಬಟ್ಟಲಿನಿಂದ ಕಣ್ಣು ಕೀಳುವಂತಿರಲಿಲ್ಲ. ಶ್ರೀಮಂತನ ಹೊಲವೆಂದು ಬಟ್ಟಲು ನಿಧಾನವಾಗಿ ಮುಳುಗಲಿಲ್ಲ, ಬಡವನದೆಂದು ಬೇಗನೆ ಮುಳುಗಲಿಲ್ಲ. ಮರುಭೂಮಿಯಲ್ಲಿ ಊರು ಉಳಿದುದು ಸುರಂಗದಿಂದ ಮಾತ್ರವಲ್ಲ, ಆ ಬಟ್ಟಲಿನ ಮೇಲೆ ಜನರಿಟ್ಟ ನಂಬಿಕೆಯಿಂದ ಕೂಡ.

ಯಜ್ದ್ ಜರತುಷ್ಟ್ರ ಧರ್ಮದವರ ಹಳೆಯ ನೆಲೆ. 1934ರಲ್ಲಿ ಭಾರತದ ಪಾರ್ಸಿಗಳ ನೆರವಿನಿಂದ ಕಟ್ಟಿದ ಅಗ್ನಿಮಂದಿರ ಅಲ್ಲಿದೆ. ಅದರೊಳಗಿನ ಬೆಂಕಿ ಕ್ರಿಸ್ತಶಕ 470ರ ಸುಮಾರಿನಿಂದ ಆರದೆ ಉರಿಯುತ್ತಿದೆ ಎಂದು ಅವರು ಹೇಳುತ್ತಾರೆ. ಕಷ್ಟಕಾಲದಲ್ಲಿ ಅದನ್ನು ಊರಿಂದೂರಿಗೆ ಒಯ್ದು ಕಾಪಾಡಿದರಂತೆ. ಗಾಜಿನಾಚೆ ಕಂಚಿನ ಪಾತ್ರೆಯಲ್ಲಿ ಉರಿಯುವ ಆ ಜ್ವಾಲೆಗೆ ಏಪ್ರಿಕಾಟ್, ಬಾದಾಮಿಯಂಥ ಮರಗಳ ಒಣಕಟ್ಟಿಗೆಯನ್ನು ಉಣಿಸುತ್ತಾರೆ. ತಾವು ಬೆಂಕಿಯನ್ನೇ ದೇವರೆಂದು ಪೂಜಿಸುವವರಲ್ಲ, ಬೆಳಕು ದೇವರ ಕುರುಹು ಮಾತ್ರ ಎಂದು ಅಲ್ಲಿದ್ದವರು ವಿವರಿಸಿದರು. ಪರಮಪ್ರಸಾದದ ಮುಂದೆ ನಂದಾದೀಪವಿಡುವ ನಮಗೆ ಈ ಮಾತು ಅರ್ಥವಾಗದೆ ಇದ್ದೀತೇ? ಶಿಶುಯೇಸುವನ್ನು ಕಾಣಲು ಪೂರ್ವದಿಂದ ಬಂದ ಜ್ಞಾನಿಗಳನ್ನು ಸಂತ ಮತ್ತಾಯನು ಕರೆದ 'ಮಾಗೊಯ್' ಎಂಬ ಗ್ರೀಕ್ ಪದ ಮೂಲತಃ ಪರ್ಷಿಯಾದ ಅರ್ಚಕರನ್ನು ಸೂಚಿಸುತ್ತಿತ್ತು. ನಮ್ಮ ಗೋದಲಿಯಲ್ಲಿ ಒಂಟೆಯ ಪಕ್ಕ ನಾವು ನಿಲ್ಲಿಸುವ ಆ ಮೂರು ಮೂರ್ತಿಗಳ ನೆನಪು ಅಂದು ನನಗೆ ಹೊಸದಾಗಿ ಬಂತು.

ಈ ಸಮುದಾಯ ತೆರಿಗೆಯ ಭಾರದಲ್ಲಿ ನಲುಗುತ್ತಿದ್ದಾಗ ಮುಂಬಯಿಯ ಪಾರ್ಸಿಗಳು 1854ರಲ್ಲಿ ಮಾಣಿಕ್‌ಜಿ ಲಿಮ್ಜಿ ಹತಾರಿಯಾ ಎಂಬವರನ್ನು ಇರಾನಿಗೆ ಕಳುಹಿಸಿದರು. ಅವರ ದೀರ್ಘ ಪ್ರಯತ್ನದಿಂದ 1882ರಲ್ಲಿ ಆ ತಲೆಗಂದಾಯ ರದ್ದಾಯಿತು. ಮುಂಬಯಿಯಲ್ಲಿ ದುಡಿದ ನಮ್ಮ ಹಿರಿಯರು ಬೆಳಗಿನ ಚಹಾ ಮತ್ತು ಬನ್-ಮಸ್ಕಾಕ್ಕಾಗಿ ಹೋಗುತ್ತಿದ್ದ ಇರಾನಿ ಹೋಟೆಲುಗಳನ್ನು ತೆರೆದವರಲ್ಲಿ ಅನೇಕರು ಈ ಯಜ್ದ್ ಸೀಮೆಯ ಹಳ್ಳಿಗಳಿಂದ ಬಂದವರೇ.

ಮೂರನೆಯ ದಿನ ನಾವು ಬೆಟ್ಟದತ್ತ ಹೊರಟೆವು. ಮೊದಲು ಸಿಕ್ಕಿದ್ದು ತಾಫ್ತ್. ದಾಳಿಂಬೆಯ ಕಾಲ, ಮಣ್ಣಿನ ಗೋಡೆಗಳ ಮೇಲಿಂದ ಕೆಂಪು ಹಣ್ಣುಗಳು ಇಣುಕುತ್ತಿದ್ದವು. ಇಲ್ಲಿ ಸೂಫಿ ಸಂತ ಶಾಹ್ ನೇಮತುಲ್ಲಾ ವಲಿಯ ಹೆಸರಿನ ಆಶ್ರಮವಿದೆ. ಈ ಸಂತನ ವಂಶದವರನ್ನು ನಮ್ಮ ಬೀದರಿಗೆ ಕರೆಸಿಕೊಂಡವನು ಬಹಮನಿ ಸುಲ್ತಾನ ಅಹ್ಮದ್ ಶಾಹ್. ಬೀದರಿನ ನೌಬಾದ್ ಬಳಿ ಇರುವ 'ಕಾರೇಜ್' ಎಂಬ ನೆಲದಡಿಯ ಕಾಲುವೆಯೂ ಇದೇ ಪರ್ಷಿಯಾದ ವಿದ್ಯೆಯೇ. ಅಂದಮೇಲೆ ಕನಾತ್ ನಮಗೆ ತೀರಾ ಪರದೇಶಿಯಲ್ಲ.

ತಾಫ್ತ್ ದಾಟಿ ಮೇಲೇರಿದರೆ ಶೀರ್‌ಕೂಹ್ ಮಡಿಲಿನ ದೇಹ್‌ಬಾಲಾ ಸಿಗುತ್ತದೆ. ಹೆಸರಿನ ಅರ್ಥವೇ 'ಮೇಲಿನ ಹಳ್ಳಿ'. ಕಲ್ಲುಮಣ್ಣಿನ ಮನೆಗಳು, ಇಕ್ಕಟ್ಟಿನ ಏರುದಾರಿ, ಆಕ್ರೋಟು ಮರಗಳು, ಬದಿಯಲ್ಲಿ ತಣ್ಣನೆಯ ನೀರಿನ ತೋಡು. ಅಲ್ಲಿ ಒಬ್ಬ ವೃದ್ಧರು ತೋಡಿಗೆ ಬಿದ್ದ ಎಲೆಗಳನ್ನು ಬಾಗಿ ತೆಗೆಯುತ್ತಿದ್ದರು. ಅದು ಅವರ ತೋಟಕ್ಕೆ ಹೋಗುವ ನೀರೇ ಎಂದು ಕೇಳಿದೆವು. ಅಲ್ಲ, ತನ್ನ ಸರದಿ ನಿನ್ನೆಯೇ ಮುಗಿಯಿತು, ಇಂದು ಕೆಳಗಿನ ಮನೆಯವರದು ಎಂದರು. ನಮ್ಮ ಕೈತುಂಬ ಆಕ್ರೋಟು ಸುರಿದು, ಅಲ್ಲಿನವರಲ್ಲಿ ರೂಢಿಯಲ್ಲಿರುವ ಒಂದು ಗಾದೆಯನ್ನು ಹೇಳಿದರು. ಹಿಂದಿನವರು ನೆಟ್ಟರು ನಾವು ತಿಂದೆವು, ನಾವು ನೆಡೋಣ ಮುಂದಿನವರು ತಿನ್ನಲಿ ಎಂಬುದು ಅದರ ಭಾವ. ಮಕ್ಕಳೆಲ್ಲಿ ಎಂದು ಕೇಳಿದಾಗ ಅವರು ಕೆಳಗಿನ ಬಯಲಿನತ್ತ ಕೈ ತೋರಿಸಿದರು. 2025ರ ಜೂನ್ ತಿಂಗಳಲ್ಲಿ ಇರಾನಿನ ಮೇಲೆ ಕ್ಷಿಪಣಿಗಳು ಎರಗಿದ ಸುದ್ದಿಯನ್ನು ಓದಿದಾಗ ನನ್ನ ಕಣ್ಣಮುಂದೆ ನಿಂತದ್ದು ಆ ಬಾಗಿದ ಬೆನ್ನು. ಅಂದಿನ ಪೂಜೆಯಲ್ಲಿ ಅವರನ್ನು ನೆನೆದೆ. ಹೆಸರು ತಿಳಿಯದ ಕಾರಣ 'ಆಕ್ರೋಟು ಕೊಟ್ಟ ಅಜ್ಜ' ಎಂದೇ ದೇವರಲ್ಲಿ ಬೇಡಿದೆ.

ಮರುದಿನ ಉತ್ತರದ ಬೆಟ್ಟಗಳಿಗೆ ಹೋದೆವು. 'ಚಕ್ ಚಕ್' ಎಂಬಲ್ಲಿ ಬೋಳು ಬಂಡೆಯ ನಡುವೆ ಜರತುಷ್ಟ್ರ ಧರ್ಮದವರ ಯಾತ್ರಾಸ್ಥಳವಿದೆ. ಬಂಡೆಯಿಂದ ತೊಟ್ಟಿಕ್ಕುವ ನೀರಿನ ಸದ್ದೇ ಅದರ ಹೆಸರು. ಶತ್ರುಗಳಿಂದ ತಪ್ಪಿಸಿಕೊಂಡು ಬಂದ ರಾಜಕುಮಾರಿಗೆ ಬೆಟ್ಟವೇ ಬಾಯ್ತೆರೆದು ಆಶ್ರಯ ಕೊಟ್ಟಿತು, ಅವಳಿಗಾಗಿ ಅದು ಇಂದಿಗೂ ಅಳುತ್ತಿದೆ ಎಂಬುದು ಅವರ ಐತಿಹ್ಯ. ಅಲ್ಲಿಂದ ಖರಾನಖ್ ಎಂಬ ಹಳ್ಳಿಗೆ ಹೋದೆವು. ಒಂದರ ಮೇಲೊಂದು ಕಟ್ಟಿದ ಮಣ್ಣಿನ ಮನೆಗಳು ಈಗ ಬಹುಪಾಲು ಖಾಲಿ. ಮಾಡು ಕುಸಿದಿದೆ, ಬಾಗಿಲುಗಳಿಲ್ಲ. ಜನರು ಪಕ್ಕದ ಹೊಸ ಊರಿಗೂ ನಗರಗಳಿಗೂ ಹೊರಟುಹೋದರು. ಮಣ್ಣಿನ ಮನೆಗೆ ವರ್ಷ ವರ್ಷ ಕೈಯಾಡಿಸುವವರು ಬೇಕು. ಕೈ ನಿಂತರೆ ಮನೆ ಮರಳಿ ಮಣ್ಣಾಗುತ್ತದೆ.

ಕನಾತ್‌ಗಳ ಗತಿಯೂ ಇದೇ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಳದ ಕೊಳವೆಬಾವಿಗಳೂ ಪಂಪುಗಳೂ ಬಂದವು. ಕನಾತ್ ಭೂಮಿ ಕೊಟ್ಟಷ್ಟನ್ನೇ ಪಡೆಯುತ್ತದೆ. ಪಂಪು ನಮಗೆ ಬೇಕಾದಷ್ಟನ್ನು ಎಳೆಯುತ್ತದೆ. ಅಂತರ್ಜಲ ಕೆಳಗಿಳಿಯಿತು, ಎಷ್ಟೋ ಕನಾತ್‌ಗಳು ಬತ್ತಿದವು. ಈಗ ಯಜ್ದ್‌ಗೆ ದೂರದ ಇಸ್ಫಹಾನ್ ಪ್ರಾಂತ್ಯದಿಂದ ಕೊಳವೆಯಲ್ಲಿ ನೀರು ತರುತ್ತಾರೆ. ಅಲ್ಲಿನ ಜಾಯಂದೆ ನದಿಯೇ ಒಣಗುತ್ತಿರುವಾಗ ರೈತರು ಸಹಿಸಿಯಾರೇ? 2013ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಆ ನೀರಿನ ವ್ಯವಸ್ಥೆಯನ್ನು ಅವರು ಸಿಟ್ಟಿನಿಂದ ಒಡೆದರು. ಯಜ್ದ್‌ನ ಮನೆಗಳಲ್ಲಿ ನಲ್ಲಿ ಒಣಗಿತು. ಒಂದೇ ಭಾಷೆ, ಒಂದೇ ದೇಶ. ಆದರೂ ಬಟ್ಟಲಿನ ಮೇಲಿನ ನಂಬಿಕೆ ಹೋದಾಗ ನೆರೆಯವನು ಶತ್ರುವಾದ. ಕಾವೇರಿಯ ಹೆಸರಿನಲ್ಲಿ ಉರಿದ ಬಸ್ಸುಗಳನ್ನು ಕಂಡ ನಮಗೆ ಇದು ದೂರದ ಕಥೆಯಲ್ಲ.

ಪುತ್ತೂರು, ಬಂಟ್ವಾಳದ ಗುಡ್ಡಗಳಲ್ಲಿ ನಮಗೂ ಸುರಂಗಗಳಿವೆಯಲ್ಲವೇ? ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಅಡಿಕೆ ತೋಟಕ್ಕೆ ಹರಿಸುವ ಕ್ರಮ. ನನ್ನ ತಂದೆಯವರು ಕೊರೆಯಿಸಿದ ಸುರಂಗ ನಮ್ಮ ಮನೆಯ ಹಿಂದೆ ಈಗಲೂ ಇದೆ. ಅದರ ನೀರನ್ನು ನಮ್ಮದೂ ಸೇರಿ ಮೂರು ಮನೆಗಳು ಹಂಚಿಕೊಳ್ಳುತ್ತಿದ್ದವು. ಆಮೇಲೆ ಸುತ್ತಲೂ ಬೋರ್‌ವೆಲ್‌ಗಳು ಬಂದವು. ಸುರಂಗದ ನೀರು ಬೆರಳಿನ ಗಾತ್ರಕ್ಕಿಳಿಯಿತು, ಮೂರು ಮನೆಗಳ ನಡುವಿನ ಮಾತೂ ಅಷ್ಟಕ್ಕೇ ಇಳಿಯಿತು. ಅರುವತ್ತೈದು ದಾಟಿದ ನನ್ನ ಅಣ್ಣ ಕಳೆದ ವರ್ಷ ಮತ್ತೊಂದು ಬೋರ್‌ವೆಲ್‌ಗೆ ಹಣ ಹೊಂದಿಸುತ್ತಿದ್ದರು. ನಾನು ಉಪದೇಶ ಮಾಡಲಿಲ್ಲ. ಆ ಬಿಳಿಯ ಉಡುಪಿನ ಕಥೆಯನ್ನಷ್ಟೇ ಹೇಳಿದೆ. ಅಣ್ಣ ಏನೂ ಹೇಳದೆ ಎದ್ದುಹೋದರು. ಎರಡು ವಾರಗಳ ನಂತರ ಫೋನು ಬಂತು. ಗುಡ್ಡದ ಮೇಲೆ ಇಂಗುಗುಂಡಿ ತೋಡಲು ಪಕ್ಕದ ಮನೆಯವರನ್ನು ಕರೆದಿದ್ದೇನೆ, ಬರುತ್ತಾರೋ ನೋಡಬೇಕು ಎಂದರು. ಒಂದು ಮನೆಯವರು ಬಂದರು. ಇನ್ನೊಂದು ಮನೆಯವರು ಈವರೆಗೆ ಬಂದಿಲ್ಲ. ಸುರಂಗದ ನೀರು ಹೆಚ್ಚೀತೇ ಎಂಬುದಕ್ಕೆ ಇನ್ನೂ ಕೆಲವು ಮಳೆಗಾಲ ಕಾಯಬೇಕು.

ಪ್ರಿಯರೇ, ನಿಮ್ಮ ಊರಿನಲ್ಲಿಯೂ ಮುಚ್ಚಿಹೋದ ತೋಡು, ಹೂಳು ತುಂಬಿದ ಕೆರೆ, ಕಸ ಹಾಕುವ ಹಳೆಯ ಬಾವಿ ಇದ್ದೀತು. ಯಾರೋ ಬೆವರು ಸುರಿಸಿ ಅದನ್ನು ತೋಡಿದ್ದರು. ಅವರ ಹೆಸರು ನಮಗೆ ತಿಳಿಯದು. ಮುಂದಿನ ಮಳೆಗಿಂತ ಮೊದಲು ನೆರೆಮನೆಯವರನ್ನು, ಅವರು ಯಾವ ಧರ್ಮದವರೇ ಇರಲಿ, ಕರೆದುಕೊಂಡು ಅಲ್ಲಿಗೊಮ್ಮೆ ಹೋಗಿ ಬನ್ನಿ. ಮಾತುಬಿಟ್ಟ ಮನೆಯಿದ್ದರೆ ಅಲ್ಲಿಂದಲೇ ಆರಂಭಿಸಿ. ಗುದ್ದಲಿಯ ಕೆಲಸ ಅದರ ನಂತರ ಸುಲಭವಾಗುತ್ತದೆ.